ಮೆಟ್ಟಿಲ ಮೇಲಿನ ಕೊಡಗಳು

ಮೆಟ್ಟೂರಿನಲ್ಲಿ ನನಗೊಮ್ಮೆ ಖಾಲಿ ಕೊಡ ಕಾಯುವ ಕೆಲಸ ಸಿಕ್ಕಿತ್ತು. ಸೇಲಂನ ಕಲಾವಿದೆ ಮೇಡಂ ಒಬ್ಬರು ಪಾಳುಬಿದ್ದ ಮನೆಯೊಂದರ ಟೆರೇಸಿನಿಂದ ಹೊರಮೆಟ್ಟಿಲಗುಂಟ ಬೀದಿಯವರೆಗೂ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿ ಇಡಿಸಿದರು. "ಸಾಯಂಕಾಲ ನೋಡೋಕೆ ಜನ ಬರ್ತಾರೆ. ಅಲ್ಲೀವರೆಗೂ ಒಂದೂ ಕದಲಬಾರದು" ಎಂದು ಹೇಳಿ ಊಟಕ್ಕೆ ಹೋದರು. ಖಾಲಿ ಕೊಡದಲ್ಲಿ ನೋಡುವುದೇನೋ, ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಸಾಲಿನ ಕೊನೆಗೆ ತನ್ನ ಕೊಡ ಇಟ್ಟಳು.

"ಅಕ್ಕಾ, ಇದು ನೀರಿನ ಸಾಲಲ್ಲ, ಮೇಡಂ ಮಾಡಿರೋ ಕಲೆ."

"ಏನಾದ್ರೂ ಆಗ್ಲಪ್ಪಾ. ಸಾಲು ಐತೆ ಅಂದ್ಮೇಲೆ ತಣ್ಣಿ ಲಾರಿ ಬರ್ದೆ ಇರ್ತದಾ?"

ಈ ಕಡೆ ನೀರಿಗೆ ಜನ ನಿಲ್ಲುವುದಿಲ್ಲ, ಕೊಡ ನಿಲ್ಲುತ್ತದೆ. ಅವಳ ಹಿಂದೆ ಇಡೀ ಬೀದಿಯೇ ಕೊಡ ತಂದಿಟ್ಟಿತು. ಆ ದಾರಿಯಲ್ಲಿ ಹೋಗುತ್ತಿದ್ದ ನೀರಿನ ಲಾರಿಯವನೂ ಸಾಲು ಕಂಡು ನಿಲ್ಲಿಸಿಬಿಟ್ಟ.

ನಾನು ಅಡ್ಡ ನಿಂತೆ. "ಅಣ್ಣಾ, ಮೇಲಿನವು ಖಾಲಿನೇ ಇರ್ಬೇಕು."

"ಖಾಲಿ ಕೊಡಕ್ಕೆ ತಾನೇಲಾ ನೀರು ಬಿಡೋದು?" ಎಂದು ನಕ್ಕ.

ಆ ಹೆಂಗಸೂ ಬಿಡಲಿಲ್ಲ. "ಮೊದ್ಲು ಮೇಲಿನವಕ್ಕೇ ಬಿಡಣ್ಣಾ. ಮುಂದೆ ಇಟ್ಟೋರಿಗೆ ಅನ್ಯಾಯ ಆಗ್ಬಾರ್ದು." ಅವನು ಪೈಪನ್ನು ಟೆರೇಸಿಗೇ ಎಳೆದುಕೊಂಡು ಹೋದ.

ಮೇಡಂ ಬಂದಾಗ ಎಲ್ಲ ಕೊಡವೂ ತುಳುಕುತ್ತಿತ್ತು. ಅವರು ಬಾಯಿ ತೆರೆಯುವ ಮೊದಲೇ ಹೆಂಗಸು ಸೊಂಟಕ್ಕೆ ಕೊಡ ಏರಿಸುತ್ತ ಗದರಿದಳು: "ಮೇಲಿನವು ನಿಂದಾ ತಾಯೀ? ನೀರು ಬಿಟ್ಟು ಎಷ್ಟೊತ್ತಾಯ್ತು, ಬೇಗ ಎತ್ಕೊಂಡೋಗು!"

ಮೇಡಂ ನನ್ನತ್ತ ತಿರುಗಿ, "ಏನಪ್ಪಾ ಇದು?" ಅಂದರು.

ನಾನು ಮೆಟ್ಟಿಲ ಸಾಲನ್ನೊಮ್ಮೆ ನೋಡಿದೆ. ಅವರದು ಒಂದೂ ಕದಲಿರಲಿಲ್ಲ.