ದಶಮಿ ದಿನ ಓಡಿದ ಟೆಸ್ಟುಗಳು

ಸ್ನೇಹಿತರೇ, ಇವತ್ತು ಕಳ್ಳ ಸಿಕ್ಕಿಬಿದ್ದ. ನಮ್ಮ ಜಯಲಕ್ಷ್ಮಿಪುರಂ ಸಾಫ್ಟ್‌ವೇರ್ ಆಫೀಸಲ್ಲಿ ದಿನಾ ಬೆಳಿಗ್ಗೆ ಕಾರಣವೇ ಇಲ್ಲದೆ ಪ್ರೋಗ್ರಾಂ ಸರಿ ಇದೆಯಾ ಅಂತ ನೋಡೋ ಎಲ್ಲ ಟೆಸ್ಟುಗಳೂ ಮೊದಲಿಂದ ಕಂಪೈಲ್, ಅಂದ್ರೆ ಕಂಪ್ಯೂಟರ್ ಭಾಷೆಗೆ ಬದಲು, ಆಗ್ತಿದ್ದವು. ನಲವತ್ತು ನಿಮಿಷ ಕಾಯಬೇಕು. ನೆನ್ನೆ ಮಾಡಿದ್ದು ಕ್ಯಾಶ್‌ನಲ್ಲಿ ಅಂದ್ರೆ ಮತ್ತೆ ಬಳಸೋಕೆ ಎತ್ತಿಟ್ಟ ಜಾಗದಲ್ಲಿ ಹಾಗೇ ಇದ್ದರೂ, ಇದನ್ನೆಲ್ಲ ನಡೆಸೋ ಬಿಲ್ಡ್ ಟೂಲ್ ಅದನ್ನ ಮುಟ್ಟುತ್ತಿರಲಿಲ್ಲ. ಆ ಟೂಲ್ ನೋಡ್ಕೊಳ್ಳೋದು ನಾನು, ಹಾಗಾಗಿ ಬೈಗುಳವೂ ನನಗೇ.

ಮೂರು ದಿನ ತಲೆ ಕೆರ್ಕೊಂಡ ಮೇಲೆ ಗೊತ್ತಾಯ್ತು. ಟೀಮಿನ ಹಿರಿಯರು ಮಾದಪ್ಪ ಸರ್. ಬೆಳಿಗ್ಗೆ ಬಂದ ತಕ್ಷಣ, ಎಲ್ಲ ಟೆಸ್ಟುಗಳೂ ಬಳಸೋ ಫೈಲಿನ ಮೊದಲ ಸಾಲಲ್ಲಿ 'ಶ್ರೀ' ಬರೆದು ಅವತ್ತಿನ ತಿಥಿ ಹಾಕ್ತಾರೆ. ಅದು ಬರೀ ಕಮೆಂಟು, ಪ್ರೋಗ್ರಾಂ ಓಡೋಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಫೈಲು ಬದಲಾಯ್ತು ಅಂತ ಟೂಲ್ ಎಲ್ಲವನ್ನೂ ಮತ್ತೆ ಶುರು ಮಾಡ್ತಿತ್ತು.

"ಸರ್, ದಯವಿಟ್ಟು ಬರೀಬೇಡಿ" ಅಂದೆ.

"ಇಪ್ಪತ್ತು ವರ್ಷದ ಅಭ್ಯಾಸ ಕಣ್ರೀ. ನಿಮ್ಮ ಟೂಲಿಗೇ ಬುದ್ಧಿ ಹೇಳಿ" ಅಂದ್ಬುಟ್ರು.

ಹೇಳಿದೆ. ಕಮೆಂಟು ಮಾತ್ರ ಬದಲಾದರೆ ಕ್ಯಾಶನ್ನೇ ಬಳಸೋ ಹಾಗೆ ಸರಿಮಾಡಿದೆ. ಮಧ್ಯಾಹ್ನ ಸರ್ ಬೇಕಂತಲೇ ತಿಥಿ ಪಕ್ಕ ನಕ್ಷತ್ರವನ್ನೂ ಸೇರಿಸಿ ರನ್ ಮಾಡಿದರು. ಹನ್ನೆರಡೇ ಸೆಕೆಂಡು!

ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ ಎದ್ದು ನಿಂತು, "ಬೆಳಿಗ್ಗೆನೇ ಬರೆದಿದ್ದೆ ನೋಡಿ, ಇವತ್ತು ದಶಮಿ, ಒಳ್ಳೇ ದಿನ" ಅಂದರು.

ಸಂಜೆ ಹೊತ್ತಿಗೆ ಅರ್ಧ ಟೀಮು ತಮ್ಮ ಫೈಲುಗಳಿಗೂ ದಶಮಿ ಹಾಕ್ಕೊಂಡಿತ್ತು. ಹಾಕ್ಕೊಳ್ಳಲಿ ಬುಡಿ, ಈಗ ನನ್ನ ಟೂಲು ತಡ್ಕೊಳ್ಳುತ್ತೆ.