ತೋರಿಸದೆ ಹೋದ ಕೈ

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ಯಾವತ್ತೂ ನಂಬಿದವನಲ್ಲ. ಹೊಸೂರಿನ ಒಂದು ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ, “ಅದಕ್ಕೆ ಮುಂಚೆ ಏನು ತಿಂದಿದ್ರಿ?” ಎಂದು ಕೇಳಿ ಬಾಯಿ ಮುಚ್ಚಿಸುವುದು ನನ್ನ ಹಳೆಯ ಚಾಳಿ. ಈಗ ನೀವು ನನ್ನನ್ನೂ ಹಾಗೆಯೇ ಕೇಳಬಹುದು. ಎರಡು ಸಲವೂ ನನ್ನ ಹೊಟ್ಟೆಯಲ್ಲಿ ಒಂದು ಲೋಟ ಕಾಫಿ ಬಿಟ್ಟರೆ ಬೇರೇನೂ ಇರಲಿಲ್ಲ.

ಇದರಲ್ಲಿ ವಿಚಿತ್ರವಾದದ್ದು ಒಂದಿದೆ, ನಾಚಿಕೆಗೇಡಿನದು ಒಂದಿದೆ. ನಾಚಿಕೆಗೇಡಿನದನ್ನು ಮೊದಲು ಹೇಳದಿದ್ದರೆ ಇನ್ನೊಂದು ನಿಮಗೆ ಅರ್ಥವಾಗುವುದಿಲ್ಲ. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಪ್ರತಿ ಭಾನುವಾರ ಬೆಳಿಗ್ಗೆ ನಾವು ನಾಲ್ಕೈದು ಜನ ಸೈಕಲ್ ಹತ್ತಿ ತಳಿ ಎಂಬ ಊರಿನ ರಸ್ತೆಯಲ್ಲಿ ಹೋಗುತ್ತಿದ್ದೆವು. ಊರು ದಾಟಿದರೆ ಆ ರಸ್ತೆ ಹೆಚ್ಚುಕಡಿಮೆ ಸಮತಟ್ಟು. ಎರಡೂ ಕಡೆ ರಾಗಿ ಹೊಲ, ಹುರುಳಿ ಹೊಲ, ನಡುನಡುವೆ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು. ನಮ್ಮಲ್ಲಿ ಒಬ್ಬ ಹಲ್ಲಿನ ಡಾಕ್ಟರು, ಇಬ್ಬರು ಕಚೇರಿಯವರು, ಮತ್ತೆ ನಾನು. ಎಲ್ಲರೂ ಪೇಟೆಯವರು, ಎಲ್ಲರದೂ ದುಬಾರಿ ಸೈಕಲ್ಲು. ಮುನಿರಾಜು ಒಬ್ಬನೇ ಹಳ್ಳಿಯವನು. ತಳಿ ದಾಟಿದರೆ ಸಿಗುವ ಗುಮ್ಮಳಾಪುರದ ರೈತರ ಮನೆಯವನು, ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ. ಬಸ್ಸು ತಪ್ಪಿದ ದಿನವೆಲ್ಲ ಸೈಕಲ್ಲಿನಲ್ಲೇ ಶಿಫ್ಟಿಗೆ ಬಂದು ಕಾಲು ಪಳಗಿಸಿಕೊಂಡವನು. ಯಾರೋ ಮಾರಿದ ಹಳೆಯ ರೇಸಿಂಗ್ ಸೈಕಲ್ ತಂದು ನಮ್ಮ ಜೊತೆ ಸೇರಿಕೊಂಡಿದ್ದ. ಅದರ ಸೀಟಿನ ಕೆಳಗೆ ಅವನ ಹೆಂಡತಿ ಯಶೋದ ಒಂದು ಕುರಿಗಂಟೆ ಕಟ್ಟಿದ್ದಳು. ರಾಗಿ ತೆನೆ ಕಟ್ಟುವ ಕಾಲಕ್ಕೆ ಜವಳಗಿರಿ ಕಾಡಿನ ಕಡೆಯಿಂದ ಆನೆಗಳು ಹೊಲಕ್ಕೆ ಇಳಿಯುತ್ತವೆ. ಗಂಟೆ ಕೇಳಿದರೆ ದಾರಿ ಬಿಡುತ್ತವೆ ಎಂದು ಅವಳ ನಂಬಿಕೆ. “ಕುರಿ ಬಂತು ಕಣ್ರೋ, ಜಾಗ ಬಿಡ್ರಿ” ಎಂದು ನಾವು ರೇಗಿಸುತ್ತಿದ್ದೆವು. ಅವನು ನಗುತ್ತ ನಮ್ಮನ್ನು ದಾಟಿ ಹೋಗುತ್ತಿದ್ದ.

ಸೈಕಲ್ ಗುಂಪಿನಲ್ಲಿ ಒಂದು ಕಟ್ಟುಪಾಡಿದೆ. ಗಾಳಿ ತಪ್ಪಿಸಿಕೊಳ್ಳಲು ಒಬ್ಬರ ಹಿಂದೆ ಒಬ್ಬರು, ಗೇಣು ಮೊಳದ ಅಂತರದಲ್ಲಿ ಹೋಗುತ್ತೇವೆ. ಹಿಂದಿನವನಿಗೆ ಮುಂದಿನ ಚಕ್ರವಲ್ಲದೆ ರಸ್ತೆ ಕಾಣುವುದಿಲ್ಲ. ಗುಂಡಿ ಬಂದರೆ ಮುಂದಿನವನು ಆ ಕಡೆಯ ಕೈಯನ್ನು ಕೆಳಗೆ ಚಾಚಿ ತೋರಿಸಬೇಕು. ಹಿಂದಿನವನು ಅದನ್ನು ನೋಡಿ ಪಕ್ಕಕ್ಕೆ ಎಳೆದುಕೊಳ್ಳುತ್ತಾನೆ. ಮುಂದಿನವನ ಕೈಯೇ ಹಿಂದಿನವನ ಕಣ್ಣು. ಎಷ್ಟೇ ಜಗಳವಿರಲಿ, ಇದನ್ನು ಯಾರೂ ತಪ್ಪಿಸುವುದಿಲ್ಲ.

ಆ ದಿನ ತಳಿಯ ಟೀ ಅಂಗಡಿಯ ತನಕ ಮುನಿರಾಜು ನನ್ನನ್ನು ಮೂರು ಸಲ ಹಿಂದೆ ಹಾಕಿದ್ದ. ಟೀ ಕುಡಿಯುವಾಗ, “ಮೇಷ್ಟ್ರೇ, ಬೇಕಾರೆ ನನ್ ಕುರಿಗಂಟೆ ನಿಮ್ಗೇ ಕೊಟ್ಬುಡ್ತೀನಿ. ಕಟ್ಕೊಳ್ರಿ, ಆಗಾದ್ರೂ ಮುಂದುಕ್ ಹೋಗ್ತೀರ” ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಒಳಗೆ ಹೊಟ್ಟೆಕಿಚ್ಚು ಉರಿಯುತ್ತಿತ್ತು. ಎರಡು ತಿಂಗಳ ಸಂಬಳ ಸುರಿದು ಸೈಕಲ್ ಕೊಂಡವನು ನಾನು.

ಟೀ ಕುಡಿದು ಗುಮ್ಮಳಾಪುರದ ಕಡೆ ಹೊರಟಾಗ ನಾನು ಮುಂದಿದ್ದೆ, ಅವನು ನನ್ನ ಬೆನ್ನಿಗೆ ಸ್ವಲ್ಪ ಎಡಕ್ಕೆ. ಒಂದು ಹುಣಸೆಮರದ ಹತ್ತಿರ ರಸ್ತೆಯ ಎಡಭಾಗದಲ್ಲಿ ಪೈಪಿಗಾಗಿ ಅಗೆದ ಗುಂಡಿಯಿತ್ತು. ಗುರುವಾರ ಒಬ್ಬನೇ ಆ ಕಡೆ ಹೋಗಿದ್ದಾಗ ನಾನು ಅದನ್ನು ಕಂಡಿದ್ದೆ. ಆಮೇಲೆ ಯಾರೋ ವಾಹನಗಳು ತುಳಿಯಲಿ ಎಂದು ರಸ್ತೆಯ ಮೇಲೆ ಹುರುಳಿ ಹರವಿ, ಕಾಳು ಬಾಚಿಕೊಂಡು ಹೋಗಿದ್ದರು. ಉಳಿದ ಹೊಟ್ಟು ಗುಂಡಿಯನ್ನು ತುಂಬಿ ರಸ್ತೆಯ ಸಮಕ್ಕೆ ನಿಂತಿತ್ತು. ಗೊತ್ತಿಲ್ಲದವನಿಗೆ ಅಲ್ಲಿ ಗುಂಡಿಯೇ ಇಲ್ಲ. ನಾನು ಒಂದು ಗೇಣು ಬಲಕ್ಕೆ ಸರಿದೆ. ಕೈ ತೋರಿಸಲಿಲ್ಲ.

ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಚಕ್ರ ಸೊಟ್ಟಗಾಗಲಿ, ಮೊಣಕಾಲು ತರಚಲಿ, ನಾಲ್ಕು ವಾರ ಮನೆಯಲ್ಲಿರಲಿ ಎಂದುಕೊಂಡೆ. ಅಷ್ಟನ್ನು ಯೋಚಿಸುವಷ್ಟು ಸಮಯ ನನಗಿತ್ತು. ಗಂಟೆ ಒಂದು ಸಲ ಜೋರಾಗಿ ಬಡಿದು ನಿಂತಿತು.

ಬೆನ್ನುಮೂಳೆ ಮುರಿದಿತ್ತು. ಸೊಂಟದಿಂದ ಕೆಳಗೆ ಮುನಿರಾಜು ಮತ್ತೆ ಅಲುಗಲಿಲ್ಲ. ಹೊಟ್ಟು ಮುಚ್ಚಿತ್ತು, ಯಾರಿಗೆ ತಾನೆ ಕಾಣುತ್ತಿತ್ತು ಎಂದು ಎಲ್ಲರೂ ಹುರುಳಿ ಹರವಿದವರನ್ನು ಬೈದರು. ನಾನೂ ಬೈದೆ. ಗುಂಪು ಒಡೆಯಿತು. ತಿಂಗಳಿಗೊಂದು ಭಾನುವಾರ ನಾನು ಮಾತ್ರ ಸೈಕಲ್ಲಿನಲ್ಲಿ ಗುಮ್ಮಳಾಪುರಕ್ಕೆ ಹೋಗಿ ಕಿತ್ತಳೆ ಹಣ್ಣು ಕೊಟ್ಟು ಬರುತ್ತಿದ್ದೆ. ಯಶೋದ ನನ್ನನ್ನು ಅಣ್ಣ ಎಂದು ಕರೆಯತೊಡಗಿದಳು. ಅವರೆಲ್ಲ ಬಿಟ್ಟುಹೋದರೂ ಮೇಷ್ಟ್ರು ಬಿಡಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಕುರಿಗಂಟೆಯನ್ನು ಅವಳು ಮಂಚದ ಕಂಬಿಗೆ ಕಟ್ಟಿದ್ದಳು. ನೀರು ಬೇಕಾದರೆ, ಹೊರಳಿಸಬೇಕಾದರೆ ಮುನಿರಾಜು ಅದನ್ನು ಅಲುಗಿಸಿ ಅವಳನ್ನು ಕರೆಯುತ್ತಿದ್ದ.

ಹೀಗೆ ಮೂರು ವರ್ಷ ಕಳೆಯಿತು. ರಸ್ತೆಗೆ ಹೊಸ ಡಾಂಬರು ಬಂತು. ಆ ಗುಂಡಿ ಇದ್ದ ಗುರುತೂ ಉಳಿಯಲಿಲ್ಲ.

ಕಳೆದ ಚಳಿಗಾಲದ ಒಂದು ಭಾನುವಾರ. ಏಳು ಗಂಟೆಯ ಹೊತ್ತು, ಮಂಜು ಇನ್ನೂ ಹೊಲದ ಮೇಲೆ ಕೂತಿತ್ತು. ಒಬ್ಬನೇ ಗುಮ್ಮಳಾಪುರಕ್ಕೆ ಹೋಗುತ್ತಿದ್ದೆ. ಹಿಂದೆ ಗಂಟೆಯ ಸದ್ದು ಕೇಳಿತು. ಕುರಿ ಹಿಂಡು ಇರಬಹುದು ಅಂದುಕೊಂಡೆ. ಆದರೆ ಕುರಿ ನಡೆಯುವ ವೇಗಕ್ಕೆ ಅದು ಹಿಂದೆ ಉಳಿಯಬೇಕಿತ್ತು, ಉಳಿಯಲಿಲ್ಲ. ನಾನು ಜೋರಾಗಿ ತುಳಿದರೆ ಅದೂ ಜೋರಾಯಿತು. ನಿಧಾನಿಸಿದರೆ ನಿಧಾನವಾಯಿತು. ಮುಂದಿನವನು ತಲೆ ತಿರುಗಿಸಿದರೆ ಸೈಕಲ್ ಓಲಾಡುತ್ತದೆ, ಹಾಗಾಗಿ ತಿರುಗಬಾರದು ಎಂಬುದು ನಮ್ಮ ಇನ್ನೊಂದು ರೂಢಿ. ನಾನು ತಿರುಗದೆ ಇದ್ದದ್ದು ರೂಢಿಯಿಂದಲ್ಲ, ಹೆದರಿಕೆಯಿಂದ.

ಹುಣಸೆಮರ ಬಂತು. ನುಣ್ಣನೆಯ ರಸ್ತೆ. ನನ್ನ ಎಡಗೈ ತಾನಾಗಿಯೇ ಕೆಳಗೆ ಚಾಚಿಕೊಂಡಿತು. ಹಿಂದಿನ ಸದ್ದು ಬಲಕ್ಕೆ ಸರಿದು ನನ್ನ ಬಲಕಿವಿಯ ಹತ್ತಿರ ಬಂತು, ಹಾಗೆಯೇ ಮುಂದೆ ಹೋಗಿ ಮಂಜಿನಲ್ಲಿ ಕರಗಿತು. ಆಗ ನಿಲ್ಲಿಸಿ ನೋಡಿದೆ. ಹಿಂದೆಯೂ ಮುಂದೆಯೂ ಒಂದು ನರಪಿಳ್ಳೆಯೂ ಇರಲಿಲ್ಲ.

ಅವರ ಮನೆ ತಲುಪಿದಾಗ ಗಂಟೆ ಮಂಚದ ಕಂಬಿಯಲ್ಲೇ ಇತ್ತು. ಮುನಿರಾಜುವಿನ ಮುಖದಲ್ಲಿ ಕಳೆ ಇತ್ತು.

“ಬೆಳಿಗ್ಗೆ ನಿಮ್ ಹಿಂದೇನೇ ಬತ್ತಿದ್ದೆ ಮೇಷ್ಟ್ರೇ, ಕನಸಲ್ಲಿ” ಅಂದ. “ಆ ಹುಣ್ಸೆಮರದತ್ರ ನೀವು ಕೈ ತೋರುಸ್ದ್ರಿ. ನಾನು ಬಲಕ್ಕೆ ಎಳ್ಕೊಂಡ್ ಹೋಗ್ಬುಟ್ಟೆ. ಬೀಳ್ಲೇ ಇಲ್ಲ.”

“ಇವ್ರು ಹಿಂಗ್ ನಕ್ಕಿ ಮೂರು ವರ್ಸ ಆಗಿತ್ತು ಅಣ್ಣ” ಎಂದಳು ಯಶೋದ. “ಬರೋ ವಾರಾನೂ ಬನ್ನಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ವಾರವೆಲ್ಲ ಹಾಗೆ ಕಳೆಯಿತು. ಕೈ ತೋರಿಸಿದಿರಿ ಅಂದನಲ್ಲ, ಹಾಗಾದರೆ ಅವತ್ತು ತೋರಿಸಲಿಲ್ಲ ಎಂಬುದು ಅವನ ಮನಸ್ಸಿನಲ್ಲಿದೆಯೇ? ಹೋಗಿ ಎಲ್ಲ ಹೇಳಿಬಿಡಲೇ ಎಂದು ಒಂದು ರಾತ್ರಿ ಅನ್ನಿಸಿತು. ಬೆಳಗಾದ ಮೇಲೆ ಒಳಗಿನ ಗಣಿತದ ಮೇಷ್ಟ್ರು ಎದ್ದು ಕೂತ. ಒಂದು ಸಲ ಆದದ್ದು ಕಾಕತಾಳೀಯ, ಎರಡನೆಯ ಸಲ ನೋಡಬೇಕು. ಮತ್ತೆ ಭಾನುವಾರ, ಅದೇ ಹೊತ್ತು, ಅದೇ ಒಂದು ಲೋಟ ಕಾಫಿ. ಬದಲಾಯಿಸುವುದು ಕೈ ಒಂದನ್ನೇ. ಇದಕ್ಕೆ ಪರೀಕ್ಷೆ ಎಂದು ಹೆಸರಿಟ್ಟುಕೊಂಡೆ.

ಮುಂದಿನ ಭಾನುವಾರ ಅದೇ ಜಾಗದಲ್ಲಿ ಗಂಟೆ ಹಿಂದೆ ಬಂತು. ಈ ಸಲ ನನಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಿತ್ತು, ಇನ್ನೂ ನನ್ನ ಬೆನ್ನು ಬಿಡುವುದಿಲ್ಲವಲ್ಲ ಎಂದು. ಹುಣಸೆಮರ ಹತ್ತಿರವಾದ ಹಾಗೆ ಎಡಗೈ ತಾನಾಗಿ ಏಳುತ್ತಿತ್ತು. ಹ್ಯಾಂಡಲ್ಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೆ. ನಾನು ದಾಟಿದೆ. ಹಿಂದೆ ಗಂಟೆ ಒಂದು ಸಲ ಜೋರಾಗಿ ಬಡಿದು ನಿಂತಿತು. ಆ ಸದ್ದನ್ನು ನಾನು ಮೊದಲೇ ಒಮ್ಮೆ ಕೇಳಿದ್ದೆ.

ಊರಿಗೆ ಹಿಂತಿರುಗಿಬಿಡಬೇಕಿತ್ತು. ಆದರೂ ಅವರ ಮನೆಗೇ ಹೋದೆ. ಯಶೋದ ಗಂಡನ ಹಣೆಯ ರಕ್ತ ಒರೆಸುತ್ತಿದ್ದಳು. ಎಡಗೈ ಊದಿಕೊಂಡಿತ್ತು.

“ಏಳು ಗಂಟೇಲಿ ಮಂಚದಿಂದ ಕೆಳುಕ್ ಬಿದ್ಬುಟ್ರು ಅಣ್ಣ” ಅಂದಳು. “ನಾನು ಹೊಳ್ಳಿಸ್ದಿದ್ರೆ ಮಗ್ಗುಲಾಗಾಕೂ ಆಗ್ದೋರು, ಹೆಂಗ್ ಬಿದ್ರೋ ಕಾಣೆ. ಕೂತ್ಕಳಿ, ಕಾಫಿ ತತ್ತೀನಿ.”

ಅವಳು ಒಳಗೆ ಹೋದಳು. ಮುನಿರಾಜು ನನ್ನನ್ನೇ ನೋಡುತ್ತಿದ್ದ. ಸಿಟ್ಟು ಇರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

“ಇವತ್ತು ಬೇಕಂತ್ಲೇ ತೋರುಸ್ಲಿಲ್ಲ, ಅಲ್ವ ಮೇಷ್ಟ್ರೇ?” ಎಂದು ಕೇಳಿದ.

ನಾನು ಮಂಚದ ಕಂಬಿಯ ಗಂಟೆಯನ್ನು ನೋಡಿದೆ.

“ಆವತ್ತೂ ಹಂಗೇನಾ?”

ನಾನು ತಲೆ ತಗ್ಗಿಸಿದೆ. ಅವನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ. “ನಿಮ್ಗೂ ಕಾಣ್ಲಿಲ್ಲ ಅಂತ್ಲೇ ಮೂರು ವರ್ಸ ಎಲ್ಲಾರ್ತಾವೂ ಹೇಳ್ಕೊಂಡ್ ಬಂದೆ” ಅಂದ.

ಯಶೋದ ಕಾಫಿ ತಂದಳು. ಅದನ್ನು ಕುಡಿದೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಅವಳಿಗೆ ಅವನು ಏನೂ ಹೇಳಲಿಲ್ಲ. ಕಂಬಿಯ ಗಂಟೆ ಬಿಚ್ಚಿ ಮೇಷ್ಟ್ರ ಸೈಕಲ್ಲಿಗೆ ಕಟ್ಟಿಬಾ ಎಂದಷ್ಟೇ ಹೇಳಿದ. ಇನ್ನು ನನ್ನನ್ನು ಹೇಗೆ ಕರೆಯುತ್ತೀರಿ ಎಂದು ಅವಳು ಕೇಳಿದರೆ, ತಟ್ಟೆ ಬಡಿಯುತ್ತೇನೆ ಬಿಡು ಅಂದ. ಅವಳು ಅಂಗಳದಲ್ಲಿ ಬಗ್ಗಿ ಕೂತು ನನ್ನ ಸೀಟಿನ ಕೆಳಗೆ ಗಂಟೆಯನ್ನು ಮೂರು ಗಂಟು ಹಾಕಿ ಕಟ್ಟಿದಳು.

“ಕೊಡ್ತೀನಿ ಅಂತ ಅವತ್ತೇ ಮಾತು ಕೊಟ್ಟಿದ್ರಂತೆ ಅಣ್ಣ” ಅಂದಳು. “ಹುಸಾರಾಗ್ ಹೋಗ್ಬನ್ನಿ.”

ಆಮೇಲೆ ಬಹಳ ಲೆಕ್ಕ ಹಾಕಿದ್ದೇನೆ. ಮಂಜಿನಲ್ಲಿ ದೂರದ ಸದ್ದು ಹತ್ತಿರ ಕೇಳುತ್ತದೆ. ಮಲಗಿದ್ದವನು ನಿದ್ದೆಯಲ್ಲಿ ಕೈಯೂರಿ ಜಾರಿ ಬೀಳಬಹುದು. ದಿನವೂ ಅದನ್ನೇ ನೆನೆಯುವವನಿಗೆ ಅದೇ ಕನಸು ಬೀಳುತ್ತದೆ. ಒಂದೊಂದಕ್ಕೂ ಉತ್ತರ ಸಿಗುತ್ತದೆ, ಎಲ್ಲವನ್ನೂ ಕೂಡಿಸಿದರೆ ಕೂಡುವುದಿಲ್ಲ. ಸ್ಟಾಫ್ ರೂಮಿನಲ್ಲಿ ಈಗ ಯಾರ ಬಾಯಿಯನ್ನೂ ಮುಚ್ಚಿಸುವುದಿಲ್ಲ.

ಅವರ ಮನೆಗೆ ಮತ್ತೆ ಹೋಗಿಲ್ಲ, ಅಷ್ಟು ಧೈರ್ಯ ನನಗಿಲ್ಲ. ಆದರೆ ಭಾನುವಾರ ಹುಣಸೆಮರದ ತನಕ ಹೋಗದೆ ಇರಲಾಗುವುದಿಲ್ಲ. ನಾನು ಹೋಗದಿದ್ದ ದಿನ ಅವನು ಒಬ್ಬನೇ ಆ ಜಾಗಕ್ಕೆ ಬಂದರೆ ಎಂಬ ಹೆದರಿಕೆ. ಆ ನುಣ್ಣನೆಯ ರಸ್ತೆಯಲ್ಲಿ ಎಡಗೈ ಚಾಚಿ ತೋರಿಸಿ ದಾಟುತ್ತೇನೆ. ಹಿಂದಿನಿಂದ ಅವನು ಬರುತ್ತಿದ್ದಾನೋ ಇಲ್ಲವೋ ಈಗ ನನಗೆ ಗೊತ್ತಾಗುವುದಿಲ್ಲ. ಗಂಟೆ ನನ್ನ ಸೈಕಲ್ಲಿನಲ್ಲೇ ಬಡಿಯುತ್ತಿರುತ್ತದೆ.