ಇಂಗ್ಲಿಷ್ ಲೇಖಕನ ಹಣೆ

ಸಂಶಿ ಸುತ್ತಮುತ್ತ ಗೋಡೆಯ ಮೇಲೆ ಮುಖ ಬರೆಯುವುದರಲ್ಲಿ ನನ್ನನ್ನು ಮೀರಿಸುವ ಗಂಡು ಇನ್ನೂ ಹುಟ್ಟಿಲ್ಲ. ಅದಕ್ಕೇ ಶಾಲೆಯ ಗ್ರಂಥಾಲಯದಲ್ಲಿ ನನ್ನ ಮೆಚ್ಚಿನ ಇಂಗ್ಲಿಷ್ ಲೇಖಕನ ಚಿತ್ರ ನಾನೇ ಬರೆಯುತ್ತೇನೆಂದು ಹಟ ಹಿಡಿದೆ. ಅವನು ದೊಡ್ಡ ಕ್ರಿಸ್ತಭಕ್ತ, ಮಾಯಾಲೋಕದ ಕಥೆಗಾರ. ಅವನನ್ನು ಕನ್ನಡದಲ್ಲಿ ಓದಿಯೇ ನನಗೆ ಪುಸ್ತಕದ ಹುಚ್ಚು ಹತ್ತಿದ್ದು.

ಮರುದಿನವೇ ಗ್ರಂಥಾಲಯದ ಉದ್ಘಾಟನೆ. ಚಿತ್ರ ಮುಗಿಸಿ ಗ್ರಂಥಾಲಯ ನೋಡಿಕೊಳ್ಳುವ ಮುಲ್ಲಾ ಮೇಡಂ ಅವರನ್ನು ಕರೆದೆ. ನೋಡಿದವರೇ ನಗು ತಡೆಯಲು ಬಾಯಿಗೆ ಸೆರಗು ಹಿಡಿದರು.

"ಅಗದಿ ಛಂದ ಆಗೇತಪಾ. ಆದ್ರ ಇವ್ರು ವಿಭೂತಿ ಯಾವಾಗ ಹಚ್ಕೊಂಡ್ರು?"

ಹೌದು! ಇಷ್ಟು ವರ್ಷ ಮಠದ ಸ್ವಾಮಿಗಳನ್ನೇ ಬರೆದ ಕೈ, ಹಣೆ ಕಂಡದ್ದೇ ತಡ, ಮೂರು ಬಿಳಿ ಗೆರೆ ಎಳೆದುಬಿಟ್ಟಿತ್ತು.

"ಇರ್ಲಿ ಬಿಡ್ರಿ ಮೇಡಂ, ಹಣಿ ತುಂಬಿ ಕಾಣತೈತಿ," ಅಂದ ಪ್ಯೂನ್ ಬಸಪ್ಪ ಕಾಕಾ.

"ಕಾಕಾ, ಅವರ ದೇವ್ರು ಬ್ಯಾರೆ. ನಾ ಅವರನ್ನ ಬದಲ್ ಮಾಡಾಂಗಿಲ್ಲ," ಎಂದು ಇಡೀ ಹಣೆ ಕೆರೆದು ಮತ್ತೆ ಬರೆಯಲು ಕೂತೆ. ಈ ಸಲ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೇ ಬಣ್ಣ ಹಚ್ಚಿದೆ. ಗೆದ್ದೆ.

ಉದ್ಘಾಟನೆಗೆ ಬಂದವರೆಲ್ಲ ಹೊಗಳಿದರು. ಕಾಕಾ ಮಾತ್ರ ಆ ಬರಿ ಹಣೆಯನ್ನೇ ಬಹಳ ಹೊತ್ತು ನೋಡಿ, "ಮನಶಾ ಶಾಣ್ಯಾ ಕಾಣತಾನ. ಆದ್ರ ಜಳಕಾ ಮಾಡಿಲ್ಲಲೇ," ಅಂದ.

ಜಳಕ ಮಾಡಿಸುವುದು ಚಿತ್ರಕಾರನ ಕೆಲಸವಲ್ಲ.